ನಡುವಿನ ಕುರ್ಚಿ ಯಾರದು?

ಮಂಡಿಕಲ್ ಕಡೆಯ ಒಂದು ಹಳೆಯ ಮನೆಯನ್ನು ಕಣ್ಮುಂದೆ ತಂದುಕೊಳ್ಳಿ. ಕಲ್ಲಿನ ಗೋಡೆ, ಮೇಲೆ ಕಲ್ಲುಚಪ್ಪಡಿಯ ಸೂರು. ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ, ಇಕ್ಕಟ್ಟಾದ ಕೋಣೆಯೇ ಈಗ ಪಡಸಾಲೆ. ಒಂದು ಪಕ್ಕದಲ್ಲಿ ಬಾಗಿಲು, ಇನ್ನೊಂದು ಪಕ್ಕದಲ್ಲಿ ಅಡುಗೆಮನೆಗೆ ದಾರಿ. ಹಿಂದಿನ ಮೂಲೆಯಲ್ಲಿ ಅಜ್ಜಿಯ ಮಂಚ. ಹಿಂದಿನ ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಅದರ ಕೆಳಗೊಂದು ಪುಟ್ಟ ದೀಪ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಹಬ್ಬಕ್ಕೆ ಬಂದಿದ್ದಾನೆ. ಮನೆಯಲ್ಲಿ ಐದು ಸ್ಪೀಕರ್, ಒಂದು ಸಬ್‌ವೂಫರ್ ಇರುವ ೫.೧ ಹೋಂ ಥಿಯೇಟರ್ ಈಗಾಗಲೇ ಇದೆ. ಹಿಂಬದಿಗೆ ಇನ್ನೆರಡು ಸ್ಪೀಕರ್ ಸೇರಿಸಿ ಅದನ್ನು ೭.೧ ಮಾಡಬೇಕೆಂಬುದು ಅವನ ಆಸೆ. ಅಳತೆ ಹಿಡಿದು ನೋಡಿದರೆ ಒಂದು ಸ್ಪೀಕರ್ ಪವಿತ್ರ ಹೃದಯದ ಪಟವಿರುವಲ್ಲಿಗೆ, ಇನ್ನೊಂದು ಅಜ್ಜಿಯ ತಲೆದಿಂಬಿನ ಮೇಲಕ್ಕೆ ಬರುತ್ತದೆ. "ಪಟ ಒಳಕೋಣೆಗೆ ಹೋಗಲಿ, ಅಜ್ಜಿಯೂ ಅಲ್ಲೇ ಮಲಗಲಿ ಬಿಡಮ್ಮಾ" ಎನ್ನುತ್ತಾನೆ. ತಾಯಿ ಮಾತಾಡುವುದಿಲ್ಲ.

ಈ ಮನೆ ಕಲ್ಪನೆಯದು. ಆದರೆ ಇಂಥ ಮೌನ ನಿಮ್ಮ ಮನೆಗೆ ಹೊಸದೇ?

ಮಗನ ಆಸೆ ಪಾಪವೇನಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ ೧೯೬೩ರ ಡಿಸೆಂಬರ್ ೪ರಂದು ಸಮೂಹ ಮಾಧ್ಯಮಗಳ ಬಗ್ಗೆ ಹೊರಡಿಸಿದ ಆಜ್ಞಾಪತ್ರದಲ್ಲಿ, ಇಂಥ ತಾಂತ್ರಿಕ ಆವಿಷ್ಕಾರಗಳನ್ನು ದೇವರ ನೆರವಿನಿಂದ ಮಾನವನು ಕಂಡುಕೊಂಡ ಅದ್ಭುತಗಳೆಂದೇ ಕಂಡಿತು. ದುಡಿದು ಬಂದ ಮಗ ಮನೆಯವರೊಂದಿಗೆ ಕೂತು ಒಳ್ಳೆಯ ಚಿತ್ರ ನೋಡುವುದು, ಒಳ್ಳೆಯ ಸಂಗೀತ ಕೇಳುವುದು ಸಂತೋಷದ ವಿಷಯವೇ. ಪ್ರಶ್ನೆ ಬೇರೆ ಇದೆ: ನಮ್ಮ ಮನೆಯನ್ನು ನಾವು ಯಾರ ಕಿವಿಗಾಗಿ ಜೋಡಿಸುತ್ತಿದ್ದೇವೆ?

ಈ ಯಂತ್ರವನ್ನು ಜೋಡಿಸುವವರು ಮೊದಲು ಕೇಳುವವನ ಜಾಗವನ್ನು ಗೊತ್ತುಮಾಡುತ್ತಾರೆ. ಅನೇಕ ಯಂತ್ರಗಳ ಜೊತೆಗೆ ಒಂದು ಸಣ್ಣ ಮೈಕ್ ಬರುತ್ತದೆ. ಅದನ್ನು ಆ ಕುರ್ಚಿಯ ಬಳಿ ಇಟ್ಟು ಎಲ್ಲ ಸ್ಪೀಕರುಗಳನ್ನೂ ಅದಕ್ಕೆ ಹೊಂದಿಸುತ್ತಾರೆ. ಆ ಕುರ್ಚಿಯಲ್ಲಿ ಕೂತವನಿಗೆ ಮಳೆ ಸುತ್ತಲೂ ಸುರಿದಂತೆ ಕೇಳುತ್ತದೆ. ಪಕ್ಕದ ಗೋಡೆಗೆ ಒರಗಿದವಳಿಗೆ ಒಂದೇ ಸ್ಪೀಕರಿನ ಗದ್ದಲ. ವಿಶಾಲವಾದ ಕೋಣೆಯಲ್ಲಿ ಈ ವ್ಯತ್ಯಾಸ ಕಡಿಮೆ, ಇಕ್ಕಟ್ಟಿನಲ್ಲಿ ಹೆಚ್ಚು. ಸೋಫಾ ಹಿಂದಿನ ಗೋಡೆಗೆ ತಾಗಿದ್ದರಂತೂ ಹಿಂಬದಿಯ ಸ್ಪೀಕರುಗಳಿಗೆ ಬೇಕಾದ ಅಂತರವೇ ಸಿಗದು. ಬರಿಯ ಕಲ್ಲಿನ ಗೋಡೆ, ಕಲ್ಲಿನ ಸೂರು ಶಬ್ದವನ್ನು ಹೀರಿಕೊಳ್ಳುವುದಿಲ್ಲ, ಹಿಂದಕ್ಕೆ ಎಸೆಯುತ್ತವೆ. ಅಂಥಲ್ಲಿ ಮಾತು ಸ್ಪಷ್ಟವಾಗಬೇಕಾದರೆ ಇನ್ನೆರಡು ಸ್ಪೀಕರುಗಳಿಗಿಂತ ನೆಲಕ್ಕೊಂದು ಜಮಖಾನ, ಕಿಟಕಿಗೆ ದಪ್ಪ ಪರದೆ, ಗೋಡೆಗೆ ಪುಸ್ತಕದ ಕಪಾಟು ಹೆಚ್ಚು ಉಪಕಾರಿ. ಇಲ್ಲದ್ದನ್ನು ಸೇರಿಸುವ ಮುನ್ನ ಇರುವುದನ್ನು ಸರಿಪಡಿಸು ಎಂಬುದು ಸಂಸಾರಕ್ಕೂ ಒಪ್ಪುವ ಮಾತಲ್ಲವೇ?

ಪಕ್ಕದ ಮನೆಯವರನ್ನೂ ನೆನೆಯೋಣ. ಸಬ್‌ವೂಫರಿನ ತಗ್ಗುದನಿಯ ಅಲೆಗಳು ಬಲು ಉದ್ದ. ಸೆಕೆಂಡಿಗೆ ೪೦ ಸಲ ಕಂಪಿಸುವ ದನಿಯ ಒಂದು ಅಲೆಯೇ ಸುಮಾರು ಎಂಟೂವರೆ ಮೀಟರ್. ಸಾಮಾನ್ಯ ಗೋಡೆ ಅದನ್ನು ಸುಲಭವಾಗಿ ತಡೆಯಲಾರದು. ಸಂಭಾಷಣೆ ನಮ್ಮ ಮನೆಯಲ್ಲೇ ಉಳಿಯುತ್ತದೆ, ಗುಡುಗು ಮಾತ್ರ ಪಕ್ಕದ ಮನೆಯ ಕೂಸನ್ನು ಎಬ್ಬಿಸುತ್ತದೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ವಸತಿ ಪ್ರದೇಶಕ್ಕೆ ೪೫ ಡೆಸಿಬೆಲ್ ಮಿತಿ ಹಾಕಿವೆ. ಆದರೆ ನೆರೆಯವರನ್ನು ಪ್ರೀತಿಸಲು ಕ್ರೈಸ್ತನಿಗೆ ಡೆಸಿಬೆಲ್ ಲೆಕ್ಕ ಬೇಕೇ? ಊಫರನ್ನು ಆ ಗೋಡೆಯಿಂದ ದೂರ ಸರಿಸಿ ದನಿ ತಗ್ಗಿಸಿದರೆ ಅದೂ ಒಂದು ಪರಪ್ರೇಮದ ಕಾರ್ಯ.

ಪ್ರವಾದಿ ಎಲೀಯನ ಕಥೆ ನಿಮಗೆ ಗೊತ್ತು. ಹೋರೇಬ್ ಬೆಟ್ಟದಲ್ಲಿ ಬಿರುಗಾಳಿ ಬೀಸಿತು, ಭೂಮಿ ಕಂಪಿಸಿತು, ಬೆಂಕಿ ಬಂತು. ಅವುಗಳಲ್ಲಿ ಸರ್ವೇಶ್ವರ ಇರಲಿಲ್ಲ. ಕೊನೆಗೆ ಒಂದು ಮೆಲುದನಿ ಕೇಳಿದಾಗ ಎಲೀಯ ಮುಖ ಮುಚ್ಚಿಕೊಂಡು ಗವಿಯ ಬಾಗಿಲಿಗೆ ಬಂದ. ಪೋಪ್ ಹದಿನಾರನೇ ಬೆನೆಡಿಕ್ಟರು ೨೦೧೨ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶಕ್ಕೆ ಆರಿಸಿಕೊಂಡ ವಿಷಯವೂ ಮೌನ ಮತ್ತು ಮಾತು. ಮೌನವಿಲ್ಲದಿದ್ದರೆ ಮಾತಿಗೂ ತಿರುಳಿರುವುದಿಲ್ಲ ಎಂಬುದು ಅವರ ಬೋಧನೆ. ಗುಡುಗನ್ನು ಏಳು ದಿಕ್ಕಿನಿಂದ ಕೇಳಬಲ್ಲ ಕಿವಿಗೆ ತಾಯಿಯ ಮೌನ ಕೇಳಿಸದೇ ಹೋದರೆ, ಕೊರತೆ ಸ್ಪೀಕರಿನದಲ್ಲ.

ವಿಚಿತ್ರವೆಂದರೆ ಆ ಯಂತ್ರವೇ ನಮಗೊಂದು ಪಾಠ ಹೇಳುತ್ತದೆ. ಶಬ್ದಕ್ಕೆ ಒಂದು ಮೀಟರ್ ಸಾಗಲು ಸೆಕೆಂಡಿನ ಸಾವಿರದ ಮೂರು ಭಾಗದಷ್ಟು ಸಮಯ ಬೇಕು. ಒಂದು ಸ್ಪೀಕರ್ ಕುರ್ಚಿಗೆ ೨ ಮೀಟರ್, ಇನ್ನೊಂದು ೪ ಮೀಟರ್ ದೂರದಲ್ಲಿದ್ದರೆ, ಯಂತ್ರ ಹತ್ತಿರದ ಸ್ಪೀಕರನ್ನು ಆ ಚೂರು ಹೊತ್ತು ತಡೆಹಿಡಿಯುತ್ತದೆ. ಹತ್ತಿರದವನು ಕಾಯುತ್ತಾನೆ, ದೂರದವನ ದನಿಯೂ ಜೊತೆಗೆ ಬಂದು ಸೇರುತ್ತದೆ. ಡೊಂಕು ಕೋಣೆಯಲ್ಲೂ ನಾದ ಕೂಡಿಬರುವುದು ಹೀಗೆ. ಗಟ್ಟಿಯಾಗಿ ಮಾತಾಡಬಲ್ಲವರು, ಸಂಪಾದಿಸುವವರು ಒಂದಿಷ್ಟು ತಡೆದು ನಿಂತರೆ, ಮೂಲೆಯ ಮಂಚದಲ್ಲಿರುವವರ ದನಿಯೂ ಕುಟುಂಬಕ್ಕೆ ಸೇರುತ್ತದೆ.

ಆದುದರಿಂದ, ಪ್ರಿಯ ಓದುಗರೇ, ಹೊಸದೇನನ್ನಾದರೂ ಮನೆಗೆ ತರುವ ಮುನ್ನ ಒಂದು ಕೆಲಸ ಮಾಡಿ. ಸಂಜೆ ಎಲ್ಲವನ್ನೂ ಆರಿಸಿ, ಅಜ್ಜಿಯ ಮಂಚದ ಅಂಚಿನಲ್ಲಿ ಕೂತು, ಅವರೊಂದಿಗೆ ಜಪಮಾಲೆಯ ಒಂದು ಹತ್ತು ಮಣಿ ಪ್ರಾರ್ಥಿಸಿ. ಅಲ್ಲಿಂದ ನಿಮ್ಮ ಮನೆ ಹೇಗೆ ಕೇಳಿಸುತ್ತದೆಂದು ಗಮನಿಸಿ. ಬಳಿಕ ಮನೆಯವರೆಲ್ಲ ಕೂತು ತೀರ್ಮಾನಿಸಿ. ಸ್ಪೀಕರ್ ಐದೇ ಇರಲಿ, ಏಳೇ ಆಗಲಿ, ಪಟವೂ ಅಜ್ಜಿಯೂ ತಮ್ಮ ಜಾಗದಲ್ಲೇ ಇರಲಿ. ನಡುವಿನ ಕುರ್ಚಿಯನ್ನು ದಿನಕ್ಕೊಬ್ಬರಿಗೆ ಬಿಟ್ಟುಕೊಡಿ. ನಜರೇತಿನ ಆ ಸಣ್ಣ ಮನೆಯಲ್ಲಿ ಬೆಳೆದ ಪ್ರಭು ಯೇಸು ನಿಮ್ಮ ಮನೆಯವರೊಂದಿಗೆ ಇರಲಿ.