ಕುಂಬಾರನ ಅಪ್ಪ

ದೇವರ ಮಂಟಪವನ್ನು ಮೆಷಿನ್ನಿನಲ್ಲಿ ಕೊರೆಸಿದರೆ ಪೂಜೆಗೆ ಆಗುತ್ತದೆಯೇ ಎಂದು ನಮ್ಮ ಸಾಗರದ ಕಡೆ ಈಗ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಎಲ್ಲಿ ಹಳೆಕಾಲದವರು ಅನ್ನಿಸಿಕೊಳ್ಳಬೇಕಾದೀತೋ ಎಂಬ ಸಂಕೋಚ. ಕೇಳಿದವರು ಒಬ್ಬರೇ, ಸಂಸ್ಕೃತ ಪಾಠಶಾಲೆಯಿಂದ ನಿವೃತ್ತರಾದ ಮೇಷ್ಟ್ರ ಹೆಂಡತಿ. ಹೊಸ ಮನೆಗೆ ಅಡುಗೆಮನೆಯ ಕಪಾಟುಗಳೂ ಒಂದು ಮಂಟಪವೂ ಬೇಕಿತ್ತು. “ಆಚಾರ್ರೇ, ಕಪಾಟು ಹೆಂಗಾದ್ರೂ ಮಾಡಿ. ಮಂಟಪ ಮಾತ್ರ ನೀವೇ ಮಾಡ್ಬೇಕು” ಅಂದರು. “ಎರಡನ್ನೂ ನಾನೇ ಮಾಡೋದು ಅಮ್ಮಾ” ಅಂದೆ. ಅವರು ನನ್ನ ಮುಖ ನೋಡಿದ ರೀತಿಯಲ್ಲಿ, ಆ ಮಾತು ನಿಜವೇ ಎಂದು ನಾನೇ ಯೋಚಿಸುವ ಹಾಗಾಯಿತು.

ನಮ್ಮದು ಬಡಗಿಗಳ ಮನೆ. ವಿಶ್ವಕರ್ಮನ ಐದು ಮಕ್ಕಳಲ್ಲಿ ನಾವು ಮಯನ ಕಡೆಯವರು ಎಂಬುದು ಮನೆಯಲ್ಲಿ ನಡೆದುಬಂದ ಮಾತು. ಮನು ಕಬ್ಬಿಣಕ್ಕೆ, ಮಯ ಮರಕ್ಕೆ, ತ್ವಷ್ಟ ಕಂಚು ತಾಮ್ರಕ್ಕೆ, ಶಿಲ್ಪಿ ಕಲ್ಲಿಗೆ, ವಿಶ್ವಜ್ಞ ಚಿನ್ನಕ್ಕೆ. ಪಾರ್ಟಿಕಲ್ ಬೋರ್ಡಿಗೆಂದು ಆರನೆಯ ಮಗನನ್ನು ಯಾರೂ ಹೇಳಿಲ್ಲ. ಆದರೆ ಈಗ ಹೊಟ್ಟೆ ತುಂಬಿಸುವುದು ಅದೇ. ತಂಗಿಯ ಮಗ ಡಿಪ್ಲೊಮಾ ಮುಗಿಸಿ ಬಂದವನು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, “ಮಾವ, ಉಳಿ ಕೆಳಗಿಡಿ, ಮೌಸ್ ಹಿಡೀರಿ” ಅಂದ. ಕಪಾಟು ವಿನ್ಯಾಸಕ್ಕೆಂದೇ ಬಂದ ಸಾಫ್ಟ್‌ವೇರುಗಳು ಹಲವಾರಿವೆ: ಕ್ಯಾಬಿನೆಟ್ ವಿಷನ್, ಮೊಝಾಯಿಕ್, ಪಾಲಿಬೋರ್ಡ್. ಯಾವುದನ್ನು ತೆರೆದರೂ ನಡೆಯುವುದು ಹೆಚ್ಚುಕಡಿಮೆ ಒಂದೇ. ಅಗಲ, ಎತ್ತರ, ಆಳ ಹೇಳಿದರೆ ಅದು ಎರಡು ಬದಿ, ತಳ, ಹಿಂಬದಿ, ಅಡ್ಡಹಲಗೆಗಳನ್ನು ತಾನೇ ಬಿಡಿಸುತ್ತದೆ. ಅವನ್ನೆಲ್ಲ 2440ಕ್ಕೆ 1220 ಮಿಲಿಮೀಟರಿನ ಬೋರ್ಡಿನ ಮೇಲೆ ಆದಷ್ಟು ಕಡಿಮೆ ಹಾಳಾಗುವಂತೆ ಹೊಂದಿಸಿ, ಹಲಗೆ ಕೊರೆಯುವ ಮೆಷಿನ್ನಾದ ರೂಟರಿಗೆ ಅರ್ಥವಾಗುವ ಜಿ-ಕೋಡಿನಲ್ಲಿ ಬರೆದು ಕೊಡುತ್ತದೆ. ಜಿ0 ಅಂದರೆ ಕೊರೆಯದೆ ಓಡು, ಜಿ1 ಅಂದರೆ ಕೊರೆಯುತ್ತ ಸಾಗು, ಎಂ3 ಅಂದರೆ ಬಿಟ್ ತಿರುಗಿಸು. ನಮ್ಮ ಹತ್ತಿರ ರೂಟರ್ ಇಲ್ಲ. ಫೈಲ್ ಎಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಹೋಗುತ್ತದೆ, ಕೊರೆದ ಹಲಗೆಗಳು ಚೀಟಿ ಅಂಟಿಸಿಕೊಂಡು ಟೆಂಪೊದಲ್ಲಿ ಬರುತ್ತವೆ. ಕೊರೆಯುವ ಹೊತ್ತಿನಲ್ಲಿ ನಾನು ಬಹುಶಃ ಊಟಕ್ಕೆ ಕೂತಿರುತ್ತೇನೆ.

ಕಲಿಯುವಾಗ ನನಗೆ ಕಷ್ಟವಾಗಿದ್ದು ಮೌಸ್ ಅಲ್ಲ, ಎಲ್ಲವನ್ನೂ ಮೊದಲೇ ಹೇಳಬೇಕಾಗಿದ್ದು. ಹಲಗೆಯ ದಪ್ಪ ಎಷ್ಟು ಎಂದು ಅದು ಮೊದಲು ಕೇಳುತ್ತದೆ. 18 ಎಂದರೆ ಸಾಲದು. ಹೊರಗೆ ಒಂದು ಮಿಲಿಮೀಟರಿನ ಲ್ಯಾಮಿನೇಟ್, ಒಳಗೆ 0.8ರ ಲೈನರ್, ಒಟ್ಟು 19.8. ಅಪ್ಪ ತಮ್ಮ ಜೀವಮಾನದಲ್ಲಿ ಹಲಗೆಯ ದಪ್ಪವನ್ನು ಅಂಕಿಯಲ್ಲಿ ಹೇಳಿದವರಲ್ಲ. ಒಂದು ಹಲಗೆಯನ್ನು ಇನ್ನೊಂದಕ್ಕೆ ತಾಗಿಸಿ ಗೀರು ಹಾಕುತ್ತಿದ್ದರು. ಗೀರು ಬಿದ್ದಲ್ಲಿ ಅಳತೆ ಮುಗಿಯಿತು. ಹಲಸಿನ ಹಲಗೆಯಲ್ಲಿ ಗಂಟು ಬಂದರೆ ಕೀಲನ್ನು ಎರಡು ಬೆರಳು ಆಚೆ ಸರಿಸುತ್ತಿದ್ದರು. ಯಾಕೆಂದು ಕೇಳಿದರೆ “ಮರ ಒಪ್ಪಲ್ಲ” ಅನ್ನುವುದೇ ಉತ್ತರ. ತೀರ್ಮಾನ ಮತ್ತು ಕೆಲಸ ಒಟ್ಟೊಟ್ಟಿಗೆ ನಡೆಯುತ್ತಿದ್ದವು. ನನಗೀಗ ತೀರ್ಮಾನವೆಲ್ಲ ಸಾಗರದಲ್ಲಿ, ಕೆಲಸವೆಲ್ಲ ಶಿವಮೊಗ್ಗದಲ್ಲಿ.

ಮಂಟಪದ ಪ್ರಶ್ನೆಯನ್ನು ಮೇಷ್ಟ್ರು ಕ್ಷಣದಲ್ಲಿ ಮುಗಿಸಿಬಿಟ್ಟರು. ದೇವರ ಗೂಡಿನಿಂದ ಸಾಲಿಗ್ರಾಮ ತೋರಿಸಿ, “ಇದನ್ನು ಕೆತ್ತಿದ್ದು ಯಾರು ಆಚಾರ್ರೇ?” ಅಂದರು. ನೇಪಾಳದ ಗಂಡಕಿ ನದಿ ಉರುಳಿಸಿ ನುಣುಪು ಮಾಡಿದ ಕಲ್ಲು, ಒಳಗಿನ ಚಕ್ರ ಯಾವುದೋ ಕಾಲದ ಸಮುದ್ರಜೀವಿಯ ಚಿಪ್ಪಿನ ಗುರುತು. ಮನುಷ್ಯನ ಕೈ ಅದನ್ನು ಮಾಡಿಲ್ಲ, ಅದಕ್ಕೆ ಪ್ರಾಣಪ್ರತಿಷ್ಠೆಯೂ ಬೇಡ. ಶಿಲ್ಪಿ ವ್ರತವಿದ್ದು, ಧ್ಯಾನಶ್ಲೋಕ ಹೇಳಿಕೊಂಡು, ತಾಳಮಾನ ಹಿಡಿದು ಕಡೆದ ಮೂರ್ತಿಗೆ ಪ್ರತಿಷ್ಠೆ ಆಗಲೇಬೇಕು. ಹಾಗಿರುವಾಗ ಕೈ ಸೋಕಿದ್ದರಿಂದಲೇ ಪಾವಿತ್ರ್ಯ ಬರುತ್ತದೆ ಎಂದು ಹೇಳುವಂತಿಲ್ಲ. ಅಮ್ಮ ಒಪ್ಪಿದರು, ಪೂರ್ತಿ ಮನಸ್ಸಿನಿಂದ ಅಲ್ಲ. ನನಗೂ ಸಮಾಧಾನವಾಗಲಿಲ್ಲ. ನದಿ ಅಡ್ವಾನ್ಸ್ ತೆಗೆದುಕೊಳ್ಳುವುದಿಲ್ಲವಲ್ಲ. ಮಂಟಪ ಪವಿತ್ರವೋ ಅಲ್ಲವೋ ಎಂಬುದನ್ನು ಅವರಿಗೇ ಬಿಟ್ಟೆ. ಅದನ್ನು ಮಾಡಿದವನು ಯಾರು ಎಂಬುದು ಮಾತ್ರ ನನ್ನ ತಲೆಯಲ್ಲಿ ಉಳಿಯಿತು.

ಆ ಪ್ರಶ್ನೆಯನ್ನು ಎತ್ತಿದ್ದೇ ತಡ, ಮೇಷ್ಟ್ರು ನ್ಯಾಯಶಾಸ್ತ್ರ ತೆಗೆದರು. ಮಡಕೆಗೆ ಮಣ್ಣು ಒಂದು ಬಗೆಯ ಕಾರಣ, ಕುಂಬಾರ ಮತ್ತು ಅವನ ಕೋಲು ಇನ್ನೊಂದು ಬಗೆಯ ಕಾರಣ ಎಂದು ತಾರ್ಕಿಕರು ಬಿಡಿಸಿದ್ದಾರೆ. ಅಷ್ಟಕ್ಕೇ ನಿಲ್ಲದೆ, ಮಡಕೆಗೆ ಮೊದಲು ಹಾಜರಿದ್ದರೂ ಕಾರಣ ಅಲ್ಲದವುಗಳ ಪಟ್ಟಿಯನ್ನೂ ಮಾಡಿದ್ದಾರೆ. 17ನೇ ಶತಮಾನದ ವಿಶ್ವನಾಥ ಪಂಚಾನನ ತನ್ನ ‘ಭಾಷಾಪರಿಚ್ಛೇದ’ದಲ್ಲಿ ಅಂಥ ಐದನ್ನು ಹೆಸರಿಸಿದ್ದಾನಂತೆ. ಕೋಲಿನ ಬಣ್ಣ ಅದರಲ್ಲಿದೆ, ಮಣ್ಣು ಹೊತ್ತುತಂದ ಕತ್ತೆ ಇದೆ. ಕುಂಬಾರನ ಅಪ್ಪನೂ ಇದ್ದಾನೆ. ಅಪ್ಪ ಇಲ್ಲದಿದ್ದರೆ ಕುಂಬಾರನಿಲ್ಲ ನಿಜ, ಆದರೂ ಅಪ್ಪ ಕಾರಣನಾಗುವುದು ಕುಂಬಾರನಿಗೆ, ಮಡಕೆಗಲ್ಲ. ತಲೆಮಾರುಗಳಿಂದ ಬಂದ ಕಸುಬು ಎಂದು ಬೋರ್ಡು ಹಾಕಿಕೊಂಡಿರುವ ನನ್ನಂಥವನಿಗೆ ಇದು ಸ್ವಲ್ಪ ಚುಚ್ಚುವ ಮಾತು. “ಹಾಗಾದ್ರೆ ಈ ಕಪಾಟಿನಲ್ಲಿ ನಾನು ಕುಂಬಾರನೋ ಕತ್ತೆಯೋ?” ಅಂದೆ. ಮೇಷ್ಟ್ರು ಬಹಳ ಹೊತ್ತು ನಕ್ಕರು. ಸಾಫ್ಟ್‌ವೇರ್ ಬರೆದವನು ಕುಂಬಾರನ ಅಪ್ಪ ಎಂದು ಅವರ ತೀರ್ಪು. ಉಪಕರಣ ಹುಟ್ಟಿಸಿದ್ದು ಅವನು, ಕಪಾಟಿನ ಲೆಕ್ಕಕ್ಕೆ ಬರುವವನಲ್ಲ.

ನಾನು ಒಪ್ಪುವುದಿಲ್ಲ. ಯಾಕೆಂದರೆ ಆ ಅಪ್ಪ ಸುಮ್ಮನೆ ದೂರದಲ್ಲಿ ಕೂತಿಲ್ಲ. ಡಿಫಾಲ್ಟ್ ಎಂಬ ಹೆಸರಿನಲ್ಲಿ ಕಪಾಟಿನ ಒಳಕ್ಕೇ ಬಂದಿದ್ದಾನೆ.

ನಾನು ಕಲಿತ ಸಾಫ್ಟ್‌ವೇರ್ ಹುಟ್ಟಿದ್ದು ಅಮೆರಿಕದಲ್ಲಿ. ಹೊಸ ಕಪಾಟು ಎಂದು ಒತ್ತಿದ ಕೂಡಲೇ ಅದು ತಾನಾಗಿ ತುಂಬುವ ಅಳತೆಗಳು ಅಲ್ಲಿಯ ಅಡುಗೆಮನೆಯವು. ಕಟ್ಟೆಯ ಎತ್ತರ 36 ಇಂಚು. ನಮ್ಮಲ್ಲಿ ಐದಡಿಯ ಹೆಂಗಸು ಅಷ್ಟು ಎತ್ತರದ ಕಟ್ಟೆಯ ಮೇಲೆ ಚಪಾತಿ ಲಟ್ಟಿಸಿದರೆ ಸಂಜೆಗೆ ಭುಜ ಹಿಡಿದುಕೊಳ್ಳುತ್ತದೆ. ಕಪಾಟಿನ ಕೆಳಗೆ ಪಾದ ಒಳಹೋಗಲು ನಾಲ್ಕು ಇಂಚು ಎತ್ತರದ ಜಾಗ ಬಿಟ್ಟು, ಎರಡು ಬದಿಗಳನ್ನೂ ನೆಲಕ್ಕೇ ಊರಿ ನಿಲ್ಲಿಸುತ್ತದೆ. ನೆಲಕ್ಕೆ ನೀರು ಹೊಯ್ದು ತೊಳೆಯುವ ಮನೆಗಳನ್ನು ಅದನ್ನು ಬರೆದವನು ಕಂಡಿರಲಾರ. ಆಷಾಢದ ಮಳೆಯಲ್ಲಿ ಗೋಡೆಯೇ ಬೆವರುವ ಮಲೆನಾಡನ್ನಂತೂ ಕನಸಿನಲ್ಲೂ ಕಂಡಿರಲಾರ. ಆ ಬದಿ ಇಲ್ಲಿ ಒಂದೆರಡು ಮಳೆಗಾಲಕ್ಕೆ ಉಬ್ಬಿ ಬಾಯಿಬಿಡುತ್ತದೆ. ಆದ್ದರಿಂದ ನಾವು ಪ್ಲಾಸ್ಟಿಕ್ ಕಾಲು ಕೊಟ್ಟು, ಮುಂದೆ ಪಿವಿಸಿ ಸ್ಕರ್ಟಿಂಗ್ ಸಿಕ್ಕಿಸುತ್ತೇವೆ. ಗ್ಯಾಸ್ ಸಿಲಿಂಡರಿಗೆಂದು ಕಪಾಟು ಅದರ ಲೈಬ್ರರಿಯಲ್ಲಿ ಇಲ್ಲವೇ ಇಲ್ಲ. ತಳದ ಹಲಗೆ ಇಲ್ಲದ, ಬಾಗಿಲಲ್ಲಿ ಗಾಳಿಗೆ ಜಾಲರಿ ಇರುವ ಕಪಾಟನ್ನು ನಾನೇ ಮೊದಲಿಂದ ಕಟ್ಟಬೇಕಾಯಿತು. ನಾಲ್ಕಡಿ ಉದ್ದದ ಅಡ್ಡಹಲಗೆಯನ್ನು 18 ಮಿಲಿಮೀಟರಿನ ಪಾರ್ಟಿಕಲ್ ಬೋರ್ಡಿನಲ್ಲಿ ಬರೆದರೆ ಅದು ತುಟಿಪಿಟಕ್ಕೆನ್ನದೆ ಬರೆಯುತ್ತದೆ. ಮೂರಡಿ ದಾಟಿದರೆ ಅಕ್ಕಿಡಬ್ಬದ ಭಾರಕ್ಕೆ ನಡುವೆ ಜೋಲುತ್ತದೆ ಎಂದು ಹೇಳುವುದು ಅದರ ಜಾಯಮಾನದಲ್ಲಿಲ್ಲ.

ಪ್ರತಿ ಡಿಫಾಲ್ಟೂ ಯಾರೋ ಒಬ್ಬನ ತೀರ್ಮಾನ. ನಾನು ಮುಟ್ಟದೆ ಬಿಟ್ಟರೆ ಅದು ನನ್ನ ಕರ್ಮವಾಗಿ ಮೇಷ್ಟ್ರ ಮನೆಯಲ್ಲಿ ನಿಲ್ಲುತ್ತದೆ. ತಾರ್ಕಿಕರ ಕುಂಬಾರನಿಗೆ ಈ ಪೀಕಲಾಟ ಇರಲಿಲ್ಲ. ಅವನ ಅಪ್ಪ ಮಗನ ಮಡಕೆಗೆ ಬಾಯಿ ಇಷ್ಟೇ ಅಗಲ ಎಂದು ಮೊದಲೇ ಬರೆದಿಟ್ಟಿರಲಿಲ್ಲ.

ಮೇಷ್ಟ್ರು ಸುಲಭಕ್ಕೆ ಸೋಲುವವರಲ್ಲ. ಗೀತೆಯ ಹದಿನೆಂಟನೇ ಅಧ್ಯಾಯಕ್ಕೆ ಬಂದರು. ಯಾವ ಕೆಲಸಕ್ಕೂ ಐದು ಕಾರಣ ಎಂದು ಅಲ್ಲಿ ಹೇಳಿದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಅಧಿಷ್ಠಾನವೆಂದರೆ ದೇಹ ಎಂದು ಭಾಷ್ಯ. ನಾನು ನನ್ನ ಅನುಕೂಲಕ್ಕೆ ಬೋರ್ಡು ಎಂದುಕೊಂಡೆ, ಮೇಷ್ಟ್ರು ಹುಬ್ಬು ಗಂಟಿಕ್ಕಿದರೂ ಸುಮ್ಮನಾದರು. ಕರಣ ರೂಟರ್ ಮತ್ತು ಸಾಫ್ಟ್‌ವೇರ್. ಚೇಷ್ಟೆ ಶಿವಮೊಗ್ಗದ್ದು. ದೈವವನ್ನು ಹುಡುಕಬೇಕಾಗಿಲ್ಲ. ಗಾರೆಯವರು ಮೂಲೆಮಟ್ಟ ಹಿಡಿಯದೆ ಕಟ್ಟಿದ ಗೋಡೆ, 18 ಎಂದು ಬರೆದು 17.6 ಬರುವ ಬೋರ್ಡು, ಜುಲೈ ತಿಂಗಳ ತೇವ, ಎಲ್ಲವೂ ಅದರ ಕೈಕೆಲಸವೇ. ಘನಮರ ಬಿಟ್ಟು ಬೋರ್ಡಿಗೆ ಬಂದರೆ ದೈವದ ಕಾಟ ತಪ್ಪುತ್ತದೆ ಎಂದುಕೊಂಡಿದ್ದೆ. ಮರದ ಗಂಟಿನಿಂದ ಹೊರಟು ಅದು ಗೋಡೆಯಲ್ಲಿ ಬಂದು ಕೂತಿದೆ. ಈ ಐದು ಇರುವಾಗ ನಾನೊಬ್ಬನೇ ಮಾಡಿದೆ ಎಂದು ತಿಳಿದವನ ತಿಳಿವಳಿಕೆ ಪಕ್ವವಾಗಿಲ್ಲ ಎಂದು ಗೀತೆ ಮುಂದುವರಿಯುತ್ತದೆ. ಇಲ್ಲಿಯವರೆಗೆ ನನ್ನ ತಕರಾರಿಲ್ಲ. ನಾನೇ ಮಾಡಿದ್ದು ಎಂದು ಎದೆ ತಟ್ಟಿಕೊಳ್ಳುವ ಆಸೆಯೂ ಈ ವಯಸ್ಸಿಗೆ ಉಳಿದಿಲ್ಲ.

ಅದರ ಮುಂದಿನ ಶ್ಲೋಕವೇ ಕಷ್ಟದ್ದು. ಅಹಂಭಾವವಿಲ್ಲದವನು, ಬುದ್ಧಿಗೆ ಲೇಪ ಅಂಟದವನು, ಕೊಂದರೂ ಕೊಂದವನಲ್ಲ ಎಂಬ ಅರ್ಥದ್ದು. ಅದನ್ನು ಕಂಟ್ರಾಕ್ಟರುಗಳು ಓದಿಲ್ಲದಿರುವುದು ನಮ್ಮೆಲ್ಲರ ಪುಣ್ಯ. ಓದದೆಯೂ ಅದನ್ನು ಬಳಸಲು ಕಲಿತಿದ್ದಾರೆ ಎಂಬುದು ಬೇರೆ ಮಾತು. ನಮ್ಮೂರಲ್ಲೇ ಒಂದು ಮನೆಯಲ್ಲಿ ಜೋತುಬಿದ್ದ ಅಡ್ಡಹಲಗೆ ತೋರಿಸಿ ಕೇಳಿದರೆ, ಮಾಡಿಕೊಟ್ಟ ಅಂಗಡಿಯವರು “ಸಾಫ್ಟ್‌ವೇರ್ ಹಂಗೇ ಕೊಡ್ತು ಸಾರ್” ಅಂದರಂತೆ. ನಾನಲ್ಲ, ದೇವರು ಮಾಡಿಸಿದ ಎಂದು ಹೇಳುವ ಭಕ್ತನೂ, ನಾನಲ್ಲ, ಸಾಫ್ಟ್‌ವೇರ್ ಮಾಡಿತು ಎಂದು ಹೇಳುವ ಅಂಗಡಿಯವನೂ ಬಾಯಲ್ಲಿ ಆಡುವುದು ಒಂದೇ ಮಾತು. ಮೊದಲನೆಯವನು ಬಿಟ್ಟುಕೊಡುವುದು ಹೊಗಳಿಕೆಯನ್ನು, ಎರಡನೆಯವನು ಕೈತೊಳೆದುಕೊಳ್ಳುವುದು ದೂರಿನಿಂದ. ಬುದ್ಧಿಗೆ ಲೇಪ ಅಂಟದಿರುವುದು ಯತಿಗಳಿಗೆ ಸಾಧ್ಯವಿರಬಹುದು. ಮುಂಗಡ ಎಣಿಸಿಕೊಂಡ ಕೈಗೆ ಅದು ಅಂಟಿಯೇ ಇರುತ್ತದೆ, ಕೈ ಹಲಗೆಯನ್ನು ಮುಟ್ಟಲಿ ಬಿಡಲಿ.

ಮರ ಕಡಿಯುವ ಮೊದಲು ಅದನ್ನು ಪೂಜಿಸಿ, ಅದರಲ್ಲಿ ನೆಲೆಸಿದ ಜೀವಗಳನ್ನು ಬೇರೆಡೆಗೆ ಹೋಗಿ ಎಂದು ಬೇಡಿಕೊಳ್ಳುವ ಕ್ರಮವನ್ನು ವರಾಹಮಿಹಿರ 6ನೇ ಶತಮಾನದ ‘ಬೃಹತ್ಸಂಹಿತೆ’ಯಲ್ಲಿ ಬರೆದಿದ್ದಾನೆ. ಆ ಬೇಡಿಕೆ ಕೊಡಲಿ ಬೀಳುವುದಕ್ಕೆ ಮೊದಲೇ ಆಗಬೇಕು. ಕೊಡಲಿ ಬೀಸುವ ತೋಳಿನ ಬಲಕ್ಕೆ ಅಲ್ಲಿ ಲೆಕ್ಕವಿಲ್ಲ, ಕಡಿಯುತ್ತೇನೆ ಎಂದು ನಿಶ್ಚಯಿಸಿದ್ದಕ್ಕೆ ಇದೆ. ಹೀಗೆ ನೋಡಿದರೆ ಫೈಲ್ ಕಳಿಸುವ ಗುಂಡಿ ಒತ್ತುವುದಕ್ಕೂ ಅಂಥದೊಂದು ಗಳಿಗೆಯ ತೂಕವಿದೆ. ಅಮ್ಮನಿಗೆ ನಾನು ಹೇಳಿದ ಮಾತನ್ನು ನಾನು ನಿಜ ಎಂದುಕೊಂಡದ್ದು ಈ ಆಧಾರದ ಮೇಲೆ. ತೋಳು ಬೀಸದೆಯೂ ಬಡಗಿ ಕರ್ತೃವೇ, ಫೈಲಿನ ಪ್ರತಿ ಅಂಕಿಯನ್ನೂ ಅವನು ತೀರ್ಮಾನಿಸಿದ್ದರೆ.

ಇನ್ನೊಂದು ವಿಷಯವನ್ನು ಸೋದರಳಿಯ ಹೇಳಿದ. ಅಂಕಿಯಿಂದ ಯಂತ್ರ ನಡೆಸುವ ವಿದ್ಯೆ ಮೊದಲು ರೂಪುಗೊಂಡದ್ದು ಅಮೆರಿಕದಲ್ಲಿ, ಅಲ್ಲಿಯ ವಾಯುಪಡೆಯ ಹಣದಿಂದ. ಜಾನ್ ಪಾರ್ಸನ್ಸ್ ಎಂಬವರ ಯೋಚನೆಯನ್ನು ಎಂಐಟಿಯವರು ಬೆಳೆಸಿ 1952ರಲ್ಲಿ ಮೆಷಿನ್ ಓಡಿಸಿ ತೋರಿಸಿದರು. ಆದರೆ ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ಪಳಗಿದ ಕೆಲಸಗಾರ ಒಮ್ಮೆ ಮೆಷಿನ್ ನಡೆಸುತ್ತಾನೆ, ಅವನ ಕೈಚಲನೆಯನ್ನು ಟೇಪು ಹಿಡಿದಿಟ್ಟುಕೊಳ್ಳುತ್ತದೆ, ಮುಂದೆ ಮೆಷಿನ್ ಅದನ್ನೇ ಮರಳಿ ಮಾಡುತ್ತದೆ. ಜನರಲ್ ಎಲೆಕ್ಟ್ರಿಕ್ ಕಂಪನಿ ಅಂಥದನ್ನು ಮಾಡಿಯೂ ನೋಡಿತ್ತು. ಅದು ಮೂಲೆಗೆ ಬಿದ್ದದ್ದಕ್ಕೆ ತಾಂತ್ರಿಕ ಕಾರಣವಷ್ಟೇ ಸಾಲದು, ಕೆಲಸದ ಹಿಡಿತ ಕೆಲಸಗಾರನ ಕೈಯಲ್ಲಿ ಉಳಿಯಬಾರದೆಂಬ ಆಡಳಿತದ ಇಚ್ಛೆಯೂ ಇತ್ತು ಎಂದು ಡೇವಿಡ್ ನೋಬಲ್ ಎಂಬ ಇತಿಹಾಸಕಾರ 1984ರ ತನ್ನ ಪುಸ್ತಕದಲ್ಲಿ ವಾದಿಸಿದ್ದಾನೆ. ಇದನ್ನು ಕೇಳಿದ ಮೇಲೆ ನನಗೆ ಮೆಷಿನ್ನಿನ ಮೇಲಿದ್ದ ಮುನಿಸು ಕಡಿಮೆಯಾಯಿತು. ಅಪ್ಪನ ಕೈ ಸುಮ್ಮನಾದದ್ದು ಕಬ್ಬಿಣದ ಸ್ವಭಾವದಿಂದಲ್ಲ, ಕೆಲವರ ಆಯ್ಕೆಯಿಂದ ಎಂದಾದರೆ, ಬೇರೆ ಆಯ್ಕೆಗೂ ಜಾಗ ಇರಲೇಬೇಕು.

ಸದ್ಯ ನಾನು ಮಾಡುತ್ತಿರುವುದು ಲೈಬ್ರರಿಯನ್ನು ಒಂದೊಂದೇ ಅಳತೆಯಾಗಿ ತಿರುಗಿ ಬರೆಯುವ ಕೆಲಸ. ಕಟ್ಟೆಗೆ ಮನೆಯ ಹೆಂಗಸಿನ ಮೊಣಕೈ ನೋಡಿ 32 ಅಥವಾ 33 ಇಂಚು. ಗೋಡೆ ಸೊಟ್ಟಗಿರುತ್ತದೆ ಎಂದೇ ಹಿಡಿದು ಕೊನೆಯ ಬದಿಗೆ ತುಂಬುಪಟ್ಟಿ. ಅಡ್ಡಹಲಗೆ ಮೂರಡಿ ದಾಟಿದರೆ ನಡುವೆ ತಾನಾಗಿ ಒಂದು ನಿಲುವು. “ಎಲ್ಲಾನೂ ಬದಲಾಯಿಸೋದಾದ್ರೆ ಸಾಫ್ಟ್‌ವೇರ್ ಯಾಕೆ ಮಾವ?” ಎಂದು ಹುಡುಗ ರೇಗುತ್ತಾನೆ. ಎಲ್ಲವನ್ನೂ ಬದಲಿಸಿಲ್ಲ. ಮುಂಬದಿಯ ಅಂಚಿನಿಂದ 37 ಮಿಲಿಮೀಟರ್ ಒಳಗೆ, 32ಕ್ಕೊಂದರಂತೆ 5 ಮಿಲಿಮೀಟರಿನ ತೂತುಗಳ ಸಾಲು ಇದೆಯಲ್ಲ, ಅದನ್ನು ಹಾಗೇ ಬಿಟ್ಟಿದ್ದೇನೆ. ಯುರೋಪಿನ ಕಾರ್ಖಾನೆಗಳು ರೂಢಿಗೆ ತಂದ ಲೆಕ್ಕ ಅದು. ಇವತ್ತು ಸಾಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಹಿಂಜು, ಡ್ರಾಯರ್ ಚಾನೆಲ್ ಎಲ್ಲ ಅದಕ್ಕೇ ಹೊಂದುತ್ತವೆ. ಅದನ್ನು ಬದಲಿಸಿದರೆ ಹತ್ತು ವರ್ಷದ ಮೇಲೆ ಹಿಂಜು ಮುರಿದಾಗ ಪರದಾಡುವವರು ಮೇಷ್ಟ್ರ ಮನೆಯವರು. ಕೇಳಿ ಒಪ್ಪಿಕೊಂಡ ಡಿಫಾಲ್ಟ್ ನನ್ನದೇ ತೀರ್ಮಾನ.

ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ: “ಸರಿ, ನಿಮ್ಮ 33 ಇಂಚನ್ನು ಹುಡುಗ ಕೇಳಿ ಒಪ್ತಾನೋ, ಕೇಳದೇನೋ?” ಕೇಳುವುದಿಲ್ಲ. ಹೊಸ ಕಪಾಟು ಎಂದು ಒತ್ತುತ್ತಾನೆ, ನನ್ನ ಅಂಕಿ ಬಂದು ಕೂರುತ್ತದೆ, ಅವನು ಮುಂದಕ್ಕೆ ಹೋಗುತ್ತಾನೆ. ಅವನ ಮಟ್ಟಿಗೆ ಈಗ ಕುಂಬಾರನ ಅಪ್ಪ ನಾನೇ. ಪ್ರತಿ ಅಳತೆಯ ಪಕ್ಕ ಟಿಪ್ಪಣಿಗೆ ಒಂದು ಚಿಕ್ಕ ಜಾಗ ಇದೆ. ಯಾವ ಅಳತೆ ಯಾಕೆ ಎಂದು ಅಲ್ಲಿ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆದರೆ ಅಕ್ಷರಗಳೆಲ್ಲ ಖಾಲಿ ಚೌಕಗಳಾಗಿ ಕಾಣುತ್ತವೆ, ಆದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯುತ್ತೇನೆ. ಸಿಲಿಂಡರ್ ಕಪಾಟಿನ ಟಿಪ್ಪಣಿ ಉದ್ದವಾಗಿ ಜಾಗ ಸಾಲಲಿಲ್ಲ. ಉಳಿದದ್ದನ್ನು ಹುಡುಗನಿಗೆ ಬಾಯಲ್ಲೇ ಹೇಳಬೇಕು, ಅವನು ಕಿವಿಯಿಂದ ಇಯರ್‌ಫೋನ್ ತೆಗೆದಾಗ.