ಲಿಂಗೈಕ್ಯರ ಮನೆಗೆ ಬೀಗವೇಕೆ?



ಹಿರಿಯರೊಬ್ಬರು ದೇಹವನ್ನು ತ್ಯಜಿಸಿದಾಗ ನಾವು ‘ಲಿಂಗೈಕ್ಯರಾದರು’ ಎನ್ನುತ್ತೇವೆ. ಅಂಗವು ಲಿಂಗದಲ್ಲಿ ಬೆರೆಯಿತೆಂಬುದು ಆ ಮಾತಿನ ಅರ್ಥ. ವಿಭೂತಿ ಧರಿಸಿ, ಹಸ್ತದಲ್ಲಿ ಇಷ್ಟಲಿಂಗವನ್ನಿರಿಸಿ, ಪಂಚಾಕ್ಷರಿಯ ಘೋಷದೊಡನೆ ಸಮಾಧಿ ಮಾಡಿ ಬರುತ್ತೇವೆ. ಇಷ್ಟರವರೆಗೆ ಎಲ್ಲವೂ ಧರ್ಮಸಮ್ಮತವೇ. ಆದರೆ ಮನೆಗೆ ಮರಳಿದೊಡನೆ ಪಂಚಾಂಗವು ಹೊರಬರುತ್ತದೆ. ತೀರಿಕೊಂಡ ನಕ್ಷತ್ರ ಒಳ್ಳೆಯದಲ್ಲ. ಮೂರು ತಿಂಗಳೋ ಆರು ತಿಂಗಳೋ ಮನೆ ಬಿಡಬೇಕು, ಶಾಂತಿ ಮಾಡಿಸಬೇಕು ಎಂಬ ಮಾತು ಹುಟ್ಟುತ್ತದೆ. ಬೆಳಗ್ಗೆ ಲಿಂಗದಲ್ಲಿ ಬೆರೆತವರು ಸಂಜೆಯ ವೇಳೆಗೆ ಸ್ವಂತ ಮಕ್ಕಳನ್ನು ಕಾಡುವ ಪ್ರೇತವಾದರೇ? ಈ ಎರಡರಲ್ಲಿ ಒಂದು ಮಾತು ಸುಳ್ಳಾಗಲೇಬೇಕು.

ಧನಿಷ್ಠೆಯಿಂದ ರೇವತಿಯವರೆಗಿನ ಐದು ನಕ್ಷತ್ರಗಳಿಗೆ ಜನರು ವಿಶೇಷವಾಗಿ ಅಂಜುತ್ತಾರೆ. ಚಂದ್ರನು ಸುಮಾರು 27 ದಿನಗಳಿಗೊಮ್ಮೆ ನಕ್ಷತ್ರಮಂಡಲವನ್ನು ಸುತ್ತಿ ಬರುವಾಗ ಈ ಐದನ್ನೂ ದಾಟಿಯೇ ಹೋಗಬೇಕು. ಆ ದಿನಗಳಲ್ಲಿಯೂ ಆಸ್ಪತ್ರೆಗಳಲ್ಲಿ ರೋಗಿಗಳು ತೀರಿಕೊಳ್ಳುತ್ತಾರೆ. ಆ ಕೊಠಡಿಗಳಿಗೆ ಯಾರೂ ಆರು ತಿಂಗಳು ಬೀಗ ಹಾಕುವುದಿಲ್ಲ. ಅದೇ ಹಾಸಿಗೆಯಲ್ಲಿ ಮಲಗಿದ ಮತ್ತೊಬ್ಬರು ಗುಣಹೊಂದಿ ಮನೆಗೆ ನಡೆಯುತ್ತಾರೆ. ಆಸ್ಪತ್ರೆಯನ್ನು ಮುಟ್ಟದ ದೋಷವು ನಮ್ಮ ಮನೆಯನ್ನು ಮಾತ್ರ ಹುಡುಕಿಕೊಂಡು ಬರುವುದೇ?

ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗವಂತರಿಗಿಲ್ಲವೆಂದು ಶರಣರು ಸಾರಿದರು. ಮರಣದ ಸೂತಕವೇ ಇಲ್ಲದವರಿಗೆ ಮರಣದ ನಕ್ಷತ್ರದೋಷವೆಲ್ಲಿಯದು? ಆದರೂ ಬಡ ಗೃಹಸ್ಥನು ಬಾಡಿಗೆ ಮನೆಗೆ ಮುಂಗಡ ತೆರುತ್ತಾನೆ. ಹೋಮಕ್ಕೆ, ದಾನಕ್ಕೆ, ದಕ್ಷಿಣೆಗೆ ಸಾಲ ಮಾಡುತ್ತಾನೆ. ಶಾಂತಿ ಒಂದು ದಿನದಲ್ಲಿ ಮುಗಿಯುತ್ತದೆ, ಬಡ್ಡಿ ವರ್ಷಗಟ್ಟಲೆ ಉಳಿಯುತ್ತದೆ. ಕಾಯಕದಿಂದ ಬಂದ ಹಣವು ದಾಸೋಹಕ್ಕೆ ಸಲ್ಲಬೇಕು. ಭಯಕ್ಕೆ ತೆರುವ ಸುಂಕವಾಗಬಾರದು.

ಹಣದ ಹಾನಿಯನ್ನು ಹೇಗೋ ತುಂಬಿಕೊಳ್ಳಬಹುದು. ಮಕ್ಕಳ ಮನಸ್ಸಿಗಾಗುವ ಹಾನಿಯನ್ನು ತುಂಬುವವರಾರು? ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಷಡಕ್ಷರಿಯನ್ನು ಹೇಳಿಕೊಟ್ಟ ಅಜ್ಜನು ಇನ್ನು ಮೇಲೆ ಅಂಜಬೇಕಾದ ವಸ್ತುವೆಂದು ಮಗುವು ಆ ಬೀಗವನ್ನು ನೋಡಿ ಕಲಿಯುತ್ತದೆ. ದೇವರು ಹಣ ಪಡೆದು ಕೋಪವನ್ನು ಹಿಂತೆಗೆದುಕೊಳ್ಳುವ ಅಧಿಕಾರಿಯೆಂದು ಕಲಿಯುತ್ತದೆ. ಕೊರಳಲ್ಲಿ ಲಿಂಗವಿದ್ದರೂ ಸಾಲದು, ಜೊತೆಗೆ ತಾಯಿತವೂ ಬೇಕೆಂದು ಕಲಿಯುತ್ತದೆ. ನಾವು ಬಾಯಿಯಿಂದ ಕಂಠಪಾಠ ಮಾಡಿಸಿದ ವಚನಗಳನ್ನು ನಮ್ಮ ಕೈಗಳೇ ಅಳಿಸಿಬಿಡುತ್ತವೆ. ಎಳೆವಯಸ್ಸಿನಲ್ಲಿ ಬೇರೂರಿದ ಅಂಜಿಕೆಯನ್ನು ಮುಂದೆ ಯಾವ ವಿದ್ಯೆಯೂ ಸುಲಭವಾಗಿ ಕೀಳಲಾರದು.

ಇದಕ್ಕೆ ಪ್ರತಿಯಾಗಿ ಒಂದು ಉಜ್ವಲ ನಿದರ್ಶನವಿದೆ. ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದರು. ಮಠದ ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆಯೇ ಆ ವಾರ್ತೆ ಪ್ರಕಟವಾಯಿತು. ಸಾವಿರಾರು ಮಕ್ಕಳು ಅಂದು ಅತ್ತರು, ಆದರೆ ಹಸಿದು ಅಳಲಿಲ್ಲ. ಗುರುವಿನ ಅಗಲಿಕೆಯಲ್ಲಿ ಅವರು ಕಂಡದ್ದು ಭಯವನ್ನಲ್ಲ, ದಾಸೋಹವನ್ನು.

ಆದುದರಿಂದ ಸದ್ಭಕ್ತರೇ, ನಿಮ್ಮ ಮನೆಯ ಹಿರಿಯರು ಲಿಂಗೈಕ್ಯರಾದರೆ ಅವರ ಕೋಣೆಯ ಬಾಗಿಲನ್ನು ತೆರೆದಿಡಿರಿ. ಅಲ್ಲಿಯೇ ದೀಪ ಬೆಳಗಿಸಿ, ಇಷ್ಟಲಿಂಗಪೂಜೆಗೆ ಕುಳಿತುಕೊಳ್ಳಿರಿ. ಪಕ್ಕದಲ್ಲಿ ಮಕ್ಕಳನ್ನು ಕುಳ್ಳಿರಿಸಿಕೊಳ್ಳಿರಿ. ಶಾಂತಿಗೆಂದು ತೆಗೆದಿರಿಸಿದ ಹಣದಿಂದ ಬಡ ವಿದ್ಯಾರ್ಥಿಯೊಬ್ಬನಿಗೆ ಹಿರಿಯರ ಹೆಸರಿನಲ್ಲಿ ಪುಸ್ತಕ ಕೊಡಿಸಿರಿ. ನೆರೆಹೊರೆಯವರು ಏನೆಂದಾರೋ ಎಂಬ ಅಳುಕು ಬರಬಹುದು. ಒಂದು ಮನೆ ಧೈರ್ಯ ಮಾಡಿದರೆ ಓಣಿಯ ಮತ್ತೊಂದು ಮನೆಗೆ ದಾರಿ ಕಾಣುತ್ತದೆ. ಅಜ್ಜನ ಕೋಣೆಯಲ್ಲಿ ನಿರ್ಭಯವಾಗಿ ನಿದ್ರಿಸುವ ಮಗುವೇ ‘ಲಿಂಗೈಕ್ಯ’ವೆಂಬ ಮಾತಿನ ಅರ್ಥವನ್ನು ನಿಜವಾಗಿ ತಿಳಿದ ಮಗು.