ಒಬ್ಬರೇ ಸಿಸ್ಟರ್, ನಲವತ್ತು ಹಾಸಿಗೆ

ನಮ್ಮ ಅನೇಕ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಎಂಟಕ್ಕೆ ಶುರುವಾಗಿ ಬೆಳಗಿನ ಎಂಟಕ್ಕೆ ಮುಗಿಯುತ್ತದೆ. ಹನ್ನೆರಡು ಗಂಟೆ, ಅಂದರೆ 720 ನಿಮಿಷ. ನಲವತ್ತು ಹಾಸಿಗೆಗಳ ವಾರ್ಡಿಗೆ ಒಬ್ಬರೇ ಸಿಸ್ಟರ್ ಇದ್ದರೆ ಪ್ರತಿ ರೋಗಿಯ ಪಾಲಿಗೆ ಇಡೀ ರಾತ್ರಿಗೆ ಬರುವುದು 18 ನಿಮಿಷ. ಅದೂ ಆಕೆ ನೀರು ಕುಡಿಯದೆ, ಕೂರದೆ, ಕೇಸ್ ಶೀಟಿನಲ್ಲಿ ಒಂದು ಅಕ್ಷರವನ್ನೂ ಬರೆಯದೆ ದುಡಿದರೆ. ಬರೆಯದೆ ಇರುವಂತೆಯೂ ಇಲ್ಲ. ಕೊಟ್ಟ ಮಾತ್ರೆ, ಹಾಕಿದ ಇಂಜೆಕ್ಷನ್, ನೋಡಿದ ಬಿ.ಪಿ. ಎಲ್ಲವೂ ದಾಖಲಾಗಬೇಕು. ನಲವತ್ತಕ್ಕೆ ಒಬ್ಬರು ಎಂಬುದು ವಾದಕ್ಕೆಂದು ಕಟ್ಟಿಕೊಂಡ ಅತಿರೇಕವಲ್ಲ. ದೊಡ್ಡ ಸರ್ಕಾರಿ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ರೋಗಿಯ ಜೊತೆ ರಾತ್ರಿ ಕಳೆದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ನರ್ಸುಗಳ ಸೇವಾ ಮನೋಭಾವದ ಬಗ್ಗೆ, ಅವರ ವೃತ್ತಿತೃಪ್ತಿಯ ಬಗ್ಗೆ ಮಾತಾಡುವ ಮೊದಲು ಈ ಭಾಗಾಕಾರವನ್ನು ಮುಂದಿಟ್ಟುಕೊಳ್ಳುವುದು ನ್ಯಾಯ.

ಸಮಯ ಸಾಲದಾದಾಗ ಎಲ್ಲ ಕೆಲಸವೂ ಸಮನಾಗಿ ಸೊರಗುವುದಿಲ್ಲ. ರಾತ್ರಿಯ ಮಾತ್ರೆ, ಹೊತ್ತಿಗೆ ಸರಿಯಾಗಿ ಹೋಗಬೇಕಾದ ಆಂಟಿಬಯಾಟಿಕ್, ಬೆಳಗಿನ ಜಾವದ ರಕ್ತದ ಸ್ಯಾಂಪಲ್ಲು ಇವೆಲ್ಲ ಹೇಗೋ ನಡೆದುಹೋಗುತ್ತವೆ. ರೌಂಡ್ಸಿಗೆ ಬರುವ ಡಾಕ್ಟರು ಅವನ್ನು ಕೇಳುತ್ತಾರೆ. ಯಾರೂ ಕೇಳದ ಕೆಲಸಗಳು ಬಿದ್ದುಹೋಗುತ್ತವೆ: ಮೈ ಅಲುಗಿಸಲಾಗದವರ ಮಗ್ಗುಲು ಬದಲಿಸುವುದು, ಒಣಗಿದ ಬಾಯಿ ಒರೆಸುವುದು, ಆಪರೇಷನ್ ಆದವರನ್ನು ಹಿಡಿದು ನಾಲ್ಕು ಹೆಜ್ಜೆ ನಡೆಸುವುದು, ಉಸಿರಾಟದ ಲಯ ತಪ್ಪಿದ್ದನ್ನು ಗಮನಿಸುವುದು, ಹೆದರಿ ನಿದ್ದೆಗೆಟ್ಟವರಿಗೆ ನಾಳೆ ಏನು ಮಾಡುತ್ತಾರೆಂದು ತಿಳಿಸಿ ಹೇಳುವುದು. ಹೀಗೆ ಕೈಬಿಟ್ಟುಹೋಗುವ ಆರೈಕೆಯನ್ನೇ ಅಮೆರಿಕದ ಸಂಶೋಧಕಿ ಬಿಯಾಟ್ರಿಸ್ ಕ್ಯಾಲಿಷ್ 2006ರಿಂದ ಅಧ್ಯಯನದ ವಸ್ತುವಾಗಿ ಎತ್ತಿಕೊಂಡರು. ಮಾಡಿದ ತಪ್ಪು ದಾಖಲೆಗೆ ಸಿಗುತ್ತದೆ; ಮಾಡದೆ ಉಳಿದದ್ದು ಸಿಗುವುದಿಲ್ಲ ಎಂಬುದೇ ಇಲ್ಲಿನ ತೊಡಕು.

ಒಂದೇ ಉದಾಹರಣೆ ಸಾಕು. ಪಾರ್ಶ್ವವಾಯುವಾಗಿ ಮಲಗಿದವರ ಸೊಂಟದ ಹಿಂಭಾಗದಲ್ಲಿ, ಹಿಮ್ಮಡಿಯಲ್ಲಿ ಮೈಭಾರ ಒಂದೇ ಕಡೆ ಒತ್ತಿ ರಕ್ತ ಹರಿಯುವುದು ನಿಲ್ಲುತ್ತದೆ. ಮೊದಲು ಚರ್ಮ ಕೆಂಪಾಗುತ್ತದೆ, ಆಮೇಲೆ ಸುಲಿಯುತ್ತದೆ, ಕೊನೆಗೆ ಮೂಳೆ ಕಾಣುವಷ್ಟು ಆಳದ ಹುಣ್ಣಾಗಿ, ಅದರಿಂದ ನಂಜು ರಕ್ತಕ್ಕೆ ಸೇರಿ ಪ್ರಾಣ ಹೋಗುವುದೂ ಉಂಟು. ಇದನ್ನು ತಡೆಯಲು ದುಬಾರಿ ಯಂತ್ರ ಬೇಡ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಚರ್ಮ ತೇವವಿಲ್ಲದಂತಿರಬೇಕು, ಹಾಸಿಗೆ ಸುಕ್ಕಿಲ್ಲದಂತಿರಬೇಕು. ನಮ್ಮ ನಲವತ್ತು ಹಾಸಿಗೆಯ ವಾರ್ಡಿನಲ್ಲಿ ಇಂಥವರು ಆರು ಜನ ಎನ್ನೋಣ. ರಾತ್ರಿಗೆ ಒಬ್ಬೊಬ್ಬರಿಗೆ ಆರು ಸಲ, ಒಟ್ಟು 36 ಸಲ. ಒಂದು ಸಲಕ್ಕೆ ಐದು ನಿಮಿಷ ಎಂದರೂ ಮೂರು ಗಂಟೆ. ಅದೂ ಇಬ್ಬರು ಬೇಕು, ಒಬ್ಬರಿಂದ ಎತ್ತಲಾಗುವುದಿಲ್ಲ. ಇರುವುದೇ ಒಬ್ಬರು. ಹುಣ್ಣಾದ ಮೇಲೆ ಮನೆಯವರು ಯಾರನ್ನು ಬೈಯುತ್ತಾರೆ ಎಂಬುದನ್ನು ಹೇಳಬೇಕಾಗಿಲ್ಲ.

ಶುಶ್ರೂಷೆ ಏನು ಮಾಡಬಲ್ಲದು ಎಂಬುದಕ್ಕೆ ಭಾರತದಲ್ಲಿ ಒಂದು ಅಸಾಧಾರಣ ಪುರಾವೆ ಇದೆ, ಅದು ನಮ್ಮ ಉತ್ತರ ಕನ್ನಡದ ಹೆಣ್ಣುಮಗಳೊಬ್ಬಳ ಬದುಕಿನಲ್ಲೇ ಇದೆ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು, ಡ್ಯೂಟಿ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ, ಅಲ್ಲಿನ ನೌಕರನೊಬ್ಬ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರ ಎಸಗಿದ. ಮಿದುಳಿಗೆ ಪ್ರಾಣವಾಯು ನಿಂತುಹೋಯಿತು. 2015ರ ಮೇ 18ರಂದು ಸಾಯುವವರೆಗೆ, ನಲವತ್ತೊಂದು ವರ್ಷಕ್ಕೂ ಮಿಕ್ಕಿ, ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರನ್ನು ಉಣಿಸಿ, ತೊಳೆದು, ಮಗ್ಗುಲು ಬದಲಿಸಿ ನೋಡಿಕೊಂಡವರು ನರ್ಸುಗಳು. ಒಂದು ತಲೆಮಾರು ನಿವೃತ್ತಿಯಾಗಿ ಮುಂದಿನದು ಬಂದರೂ ಕೆಲಸ ನಿಲ್ಲಲಿಲ್ಲ. ಅಲ್ಲಿಯವರೆಗಿನ ಅಷ್ಟೂ ವರ್ಷಗಳಲ್ಲಿ ಅವರ ಮೈಮೇಲೆ ಹಾಸಿಗೆ ಹುಣ್ಣು ಆಗಿರಲಿಲ್ಲ ಎಂಬುದನ್ನು 2011ರ ಮಾರ್ಚಿನಲ್ಲಿ ದಯಾಮರಣದ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು ಮೆಚ್ಚಿ ದಾಖಲಿಸಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ಯಾರದು ಎಂಬ ಪ್ರಶ್ನೆ ಬಂದಾಗ, ಅದು ಕೆಇಎಂ ಸಿಬ್ಬಂದಿಯದು ಎಂದಿತು.

ಈ ಕಥೆಯನ್ನು ನಾವು ತ್ಯಾಗದ ಕಥೆಯಾಗಿ ಹೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಅದರ ಇನ್ನರ್ಧವನ್ನು ಹೇಳುವುದಿಲ್ಲ. ನರ್ಸೊಬ್ಬಳು ಬಟ್ಟೆ ಬದಲಿಸಲು ನೆಲಮಾಳಿಗೆಗೆ ಹೋಗಬೇಕಾಗಿತ್ತು. ಘಟನೆಯ ನಂತರ ಮುಂಬೈಯ ನರ್ಸುಗಳು ಅರುಣಾಗೆ ಒಳ್ಳೆಯ ಆರೈಕೆಯನ್ನೂ ತಮಗೆ ಸುರಕ್ಷಿತ ಕೆಲಸದ ವಾತಾವರಣವನ್ನೂ ಕೇಳಿ ಮುಷ್ಕರ ಹೂಡಿದರು. ಎಂಬತ್ತರ ದಶಕದಲ್ಲಿ ಮಹಾನಗರಪಾಲಿಕೆ ಅರುಣಾರನ್ನು ಆಸ್ಪತ್ರೆಯಿಂದ ಸಾಗಿಸಲು ಹೊರಟಾಗ ತಡೆದದ್ದೂ ನರ್ಸುಗಳ ಪ್ರತಿಭಟನೆಯೇ. ಅಂದರೆ ಕೊನೆಯವರೆಗೆ ಕೈಬಿಡದೆ ನೋಡಿಕೊಂಡವರೂ ಬೀದಿಗಿಳಿದು ಹಕ್ಕು ಕೇಳಿದವರೂ ಒಂದೇ ವೃತ್ತಿಯ ಜನ. ಸೇವೆ ಬೇರೆ, ಹಕ್ಕು ಬೇರೆ, ನಿಜವಾದ ನರ್ಸ್ ಹಕ್ಕು ಕೇಳುವುದಿಲ್ಲ ಎಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಕೆಲಸದ ಹೊರೆ ಹೆಚ್ಚಾದರೆ ರೋಗಿಗಳು ಸಾಯುತ್ತಾರೆ ಎಂಬುದು ಬರೀ ಊಹೆಯಲ್ಲ. 2002ರಲ್ಲಿ ಸಂಶೋಧಕಿ ಲಿಂಡಾ ಏಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಪರಿಶೀಲಿಸಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಗೆ ಬಂದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತದೆ ಎಂದು ಕಂಡಿತು. ಅದೇ ಅಧ್ಯಯನದಲ್ಲಿ ನರ್ಸುಗಳ ಮಾನಸಿಕ ಬಳಲಿಕೆಯ ಸಂಭವ ಶೇ 23, ವೃತ್ತಿ ಅತೃಪ್ತಿಯದು ಶೇ 15 ಏರಿತ್ತು. ವಿಚಾರವಂತ ಓದುಗರು ಇಲ್ಲಿ ತಡೆದು ಕೇಳಬೇಕು: ನರ್ಸುಗಳು ಕಡಿಮೆ ಇರುವ ಆಸ್ಪತ್ರೆಯಲ್ಲಿ ಉಳಿದದ್ದೂ ಕಡಿಮೆಯೇ ಇರಬಹುದಲ್ಲ, ಸಾವಿಗೆ ಕಾರಣ ಅದೇ ಇರಬಾರದೇಕೆ? ಪ್ರಶ್ನೆ ಸರಿಯಾದುದೇ. ಉತ್ತರಕ್ಕೆ ಹತ್ತಿರವಾದದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಿಂದ ಬಂತು. ಅಲ್ಲಿ 2016ರಲ್ಲಿ 27 ಸರ್ಕಾರಿ ಆಸ್ಪತ್ರೆಗಳಿಗೆ ಹಗಲು ನಾಲ್ವರಿಗೆ ಒಬ್ಬರು, ರಾತ್ರಿ ಏಳು ಜನಕ್ಕೆ ಒಬ್ಬರು ಎಂದು ಕಾನೂನಿನಿಂದಲೇ ಗೊತ್ತುಮಾಡಿದರು. ಕಾನೂನಿನ ಮೊದಲು ಮತ್ತು ಆಮೇಲಿನ ಸ್ಥಿತಿಯನ್ನು, ಕಾನೂನು ಅನ್ವಯಿಸದ 28 ಆಸ್ಪತ್ರೆಗಳ ಜೊತೆ ಹೋಲಿಸಿದ ಅಧ್ಯಯನ 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸಾವುಗಳು ತಗ್ಗಿದ್ದವು, ಮರುದಾಖಲಾತಿಯೂ ಆಸ್ಪತ್ರೆಯಲ್ಲಿ ಉಳಿಯುವ ದಿನಗಳೂ ಕಡಿಮೆಯಾಗಿ ಉಳಿದ ಹಣ, ಹೊಸ ನರ್ಸುಗಳಿಗೆ ಕೊಟ್ಟ ಸಂಬಳದ ಎರಡು ಪಟ್ಟಿಗೂ ಹೆಚ್ಚಿತ್ತು.

ಆಸ್ಟ್ರೇಲಿಯಾ ಶ್ರೀಮಂತ ದೇಶ, ನಮಗೆ ಇದೆಲ್ಲ ಎಲ್ಲಿಂದ ಸಾಧ್ಯ ಎನ್ನುವುದು ಮುಂದಿನ ಆಕ್ಷೇಪ. ನಮ್ಮಲ್ಲೂ ಮಾನದಂಡ ಇದೆ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಎಂದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳಿದೆ. ಬಡತನದ ವಾದಕ್ಕೆ ಇನ್ನೊಂದು ದೋಷವಿದೆ: ನರ್ಸನ್ನು ನೇಮಿಸದೆ ಉಳಿಸಿದ ಹಣ ನಿಜಕ್ಕೂ ಉಳಿಯುವುದಿಲ್ಲ, ಬೇರೊಬ್ಬರ ತಲೆಗೆ ಹೋಗುತ್ತದೆ. ನಮ್ಮ ವಾರ್ಡುಗಳಲ್ಲಿ ಬೆಡ್‌ಪ್ಯಾನ್ ಇಡುವವರು, ಗಂಜಿ ಕುಡಿಸುವವರು, ಡ್ರಿಪ್ ಮುಗಿಯುತ್ತಿದೆಯೇ ಎಂದು ಕಣ್ಣು ನೆಟ್ಟು ಕೂತು ‘ಸಿಸ್ಟರ್, ಬಾಟ್ಲಿ ಖಾಲಿಯಾಯ್ತು’ ಎಂದು ಕಾರಿಡಾರಿನುದ್ದಕ್ಕೂ ಓಡುವವರು ರೋಗಿಯ ಮನೆಯವರು. ಅವರಲ್ಲಿ ಬಹುಪಾಲು ಹೆಂಗಸರು, ಅನೇಕರು ದಿನಗೂಲಿಯವರು. ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ ಅಷ್ಟೂ ದಿನ ಕೂಲಿ ಇಲ್ಲ. ಒಬ್ಬ ನರ್ಸಿನ ಸಂಬಳ ಉಳಿಸಲು ನಲವತ್ತು ಮನೆಗಳ ಕೂಲಿ ಮುರಿದಂತಾಯಿತು. ಹೀಗೆ ಜೊತೆಗೆ ಬರುವವರೇ ಇಲ್ಲದವರ, ಉತ್ತರದಿಂದ ಬಂದ ಕಟ್ಟಡ ಕಾರ್ಮಿಕನ, ಮಕ್ಕಳಿಲ್ಲದ ಮುದುಕಿಯ ಪಾಡೇನು? ಅರುಣಾರ ಹಾಸಿಗೆಯ ಪಕ್ಕದಲ್ಲೂ ಮನೆಯವರು ಕೂತಿರಲಿಲ್ಲ.

ಖಾಸಗಿ ಆಸ್ಪತ್ರೆಗಳಲ್ಲಿ ಸಂಖ್ಯೆಗಿಂತ ಸಂಬಳದ ಸಮಸ್ಯೆ ಹೆಚ್ಚು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನದಂತೆ ಕೇಂದ್ರ ನೇಮಿಸಿದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ರಾಜ್ಯ ಸರ್ಕಾರದ ನರ್ಸುಗಳಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯವೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು ಎಂದಿತು. ಆರೋಗ್ಯ ರಾಜ್ಯಪಟ್ಟಿಯ ವಿಷಯ, ಆದ್ದರಿಂದ ಈ ಶಿಫಾರಸಿಗೆ ಕಾನೂನಿನ ಬಲ ಬರಬೇಕಾದರೆ ರಾಜ್ಯಗಳು ಮುಂದಾಗಬೇಕು. ಕೇರಳದಲ್ಲಿ 2017ರ ದೊಡ್ಡ ಮುಷ್ಕರದ ನಂತರ, 2018ರಲ್ಲಿ 20,000ದ ಕನಿಷ್ಠ ವೇತನಕ್ಕೆ ಅಧಿಸೂಚನೆ ಬಂತು. ಸಣ್ಣ ಆಸ್ಪತ್ರೆಗಳು ಬಾಗಿಲು ಹಾಕಬೇಕಾಗುತ್ತದೆ ಎಂಬ ಆತಂಕವನ್ನು ತಳ್ಳಿಹಾಕಲಾರೆ. ತಾಲ್ಲೂಕು ಮಟ್ಟದ ನರ್ಸಿಂಗ್ ಹೋಮ್‌ಗಳ ಲೆಕ್ಕ ನಿಜಕ್ಕೂ ಬಿಗಿಯಾಗಿರುತ್ತದೆ. ಆದರೆ ಹಾಸಿಗೆ ಬಾಡಿಗೆ, ಸ್ಕ್ಯಾನಿಂಗ್, ಲ್ಯಾಬು ಯಾವುದಕ್ಕೂ ರಿಯಾಯಿತಿ ಸಿಗದ ಬಿಲ್ಲಿನಲ್ಲಿ, ರಿಯಾಯಿತಿ ನರ್ಸಿನ ಸಂಬಳದಿಂದಲೇ ಏಕೆ ಬರಬೇಕು? ಈ ಕೆಲಸದ ಅಪಾಯವೂ ಸಣ್ಣದಲ್ಲ. ಸೋಂಕಿತ ರಕ್ತದ ಸೂಜಿ ಬೆರಳಿಗೆ ಚುಚ್ಚಿದರೆ, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ಶೇ 30ರವರೆಗೂ ಇದೆ. ಎಚ್‌ಐವಿಯದು ಶೇ 0.3ರ ಆಸುಪಾಸು. ಸೂಜಿ ಚುಚ್ಚುವುದು ಅವಸರದಲ್ಲಿ, ಅವಸರ ಹುಟ್ಟುವುದು ಆಳು ಸಾಲದಿದ್ದಾಗ.

ನರ್ಸುಗಳ ಅತೃಪ್ತಿ ಎಂದರೆ ಸಂಬಳದ ಗೊಣಗಾಟ ಎಂದಷ್ಟೇ ತಿಳಿಯುವುದು ಪೂರ್ತಿ ಸರಿಯಲ್ಲ. ಅಮೆರಿಕದ ತತ್ವಚಿಂತಕ ಆಂಡ್ರ್ಯೂ ಜೇಮ್‌ಟನ್ 1984ರಲ್ಲಿ, ನರ್ಸಿಂಗ್ ನೀತಿಶಾಸ್ತ್ರದ ತಮ್ಮ ಪುಸ್ತಕದಲ್ಲಿ, ಬೇರೊಂದು ಬಗೆಯ ನೋವನ್ನು ಗುರುತಿಸಿದರು: ಸರಿಯಾದುದು ಯಾವುದೆಂದು ಗೊತ್ತಿದ್ದೂ ಸಂಸ್ಥೆಯ ಕಟ್ಟುಪಾಡಿನಿಂದ ಅದನ್ನು ಮಾಡಲಾಗದೆ ಉಳಿಯುವ ಸಂಕಟ. ಹನ್ನೆರಡನೇ ಹಾಸಿಗೆಯವರ ಮಗ್ಗುಲು ಬದಲಿಸಬೇಕು ಎಂದು ಗೊತ್ತಿದೆ. ಮೂವತ್ತೊಂದನೆಯವರಿಗೆ ಉಸಿರು ಕಟ್ಟುತ್ತಿದೆ. ಓಡಿದ್ದು ಮೂವತ್ತೊಂದಕ್ಕೆ, ಓಡಬೇಕಾದದ್ದೂ ಅಲ್ಲಿಗೇ. ಬೆಳಗ್ಗೆ ಎಂಟಕ್ಕೆ ಹ್ಯಾಂಡೋವರ್ ಕೊಡುವಾಗ ಹನ್ನೆರಡನೇ ಹಾಸಿಗೆಯವರ ಬೆನ್ನು ಕೆಂಪಾಗಿದೆ ಎಂದು ತಾನೇ ಹೇಳಬೇಕು. ಕೆಲಸ ಗೊತ್ತಿಲ್ಲದವರಿಗೆ ಈ ಸಂಕಟವೇ ಇಲ್ಲ, ಒಳ್ಳೆಯ ನರ್ಸಿಗೇ ಇದು ಹೆಚ್ಚು. ನುರಿತವರು ಕೊಲ್ಲಿ ದೇಶಗಳಿಗೆ, ಐರ್ಲೆಂಡಿಗೆ, ಬ್ರಿಟನ್ನಿಗೆ ಹೋಗುವುದರಲ್ಲಿ ದುಡ್ಡಿನ ಆಸೆಯ ಜೊತೆ ಇದರ ಪಾಲೂ ಇದೆ ಎಂದು ನಾನು ತಿಳಿಯುತ್ತೇನೆ.

ಇಂಥ ಸಂಕಟಕ್ಕೆ ನಾವು ಕೊಡುವುದು ಹೊಗಳಿಕೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 22ರಂದು ತಟ್ಟೆ ಬಾರಿಸಿದೆವು, ಮೇ 3ರಂದು ಆಸ್ಪತ್ರೆಗಳ ಮೇಲೆ ಹೂ ಸುರಿಸಿದೆವು. ಮೇ 12 ಬಂದರೆ ಮೇಣದಬತ್ತಿ ಹಚ್ಚಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನಲ್ಲಿ ಪ್ರತಿಜ್ಞೆ. ಆ ನೈಟಿಂಗೇಲ್ ದೀಪ ಹಿಡಿದು ಓಡಾಡಿದ್ದರಿಂದ ಮಾತ್ರ ದೊಡ್ಡವರಾದವರಲ್ಲ. ಕ್ರಿಮಿಯಾ ಯುದ್ಧದ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾದ ಸೋಂಕಿನಿಂದ ಸತ್ತರು ಎಂದು ಅಂಕಿಅಂಶಗಳ ಚಿತ್ರ ಬರೆದು ಸರ್ಕಾರದ ಮುಂದಿಟ್ಟವರು. ಅವರ ಜನ್ಮದಿನಕ್ಕೆ ಮೇಣದಬತ್ತಿಗಿಂತ ಅಂಕಿಅಂಶಗಳೇ ಹೆಚ್ಚು ಒಪ್ಪುತ್ತಿದ್ದವು. ಹೊಗಳಿಕೆಯ ಅಡಿಯಲ್ಲಿ ಹಳೆಯ ತಿರಸ್ಕಾರವೊಂದೂ ಉಳಿದಿದೆ. ಮಲಮೂತ್ರ, ಕೀವು, ಪರಪುರುಷನ ಮೈ ಮುಟ್ಟುವ ಕೆಲಸ ಮೈಲಿಗೆ ಎಂದು ಮೇಲ್ಜಾತಿಗಳು ಬಹುಕಾಲ ದೂರವಿಟ್ಟ ವೃತ್ತಿ ಇದು. ಕ್ರೈಸ್ತ ಹೆಣ್ಣುಮಕ್ಕಳು ಮುಂದೆ ಬಂದದ್ದರಿಂದ ಈ ದೇಶದಲ್ಲಿ ನಿಂತಿತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿ ಎಂಬ ಪದನಾಮ ಬಂದಿದೆ, ಒಳ್ಳೆಯದೇ. ಅದೇ ಮೈಲಿಗೆಯ ಏಣಿಯಲ್ಲಿ ತಮಗಿಂತ ಕೆಳಗಿನ ಆಯಾಗಳನ್ನು, ಗ್ರೂಪ್ ಡಿ ನೌಕರರನ್ನು ನರ್ಸುಗಳು ಹೇಗೆ ಮಾತಾಡಿಸುತ್ತಾರೆ ಎಂಬ ಪ್ರಶ್ನೆ ಅವರನ್ನೂ ಬಿಡುವುದಿಲ್ಲ.

ಹೆರಿಗೆ ವಾರ್ಡಿನಲ್ಲಿ ನೋವು ತಿನ್ನುವ ಹೆಂಗಸನ್ನು ಹೀನಾಯವಾಗಿ ಬೈಯುವ, ತೊಡೆಗೆ ಹೊಡೆಯುವ ಸಿಸ್ಟರುಗಳ ಮಾತು ಬರದೆ ಈ ಚರ್ಚೆ ಮುಗಿಯುವುದಿಲ್ಲ. ಬಡ ಹೆಂಗಸರ ಈ ದೂರು ಸುಳ್ಳಲ್ಲ. ಆಳು ಸಾಲದು ಎಂಬುದು ತಡವಾದದ್ದಕ್ಕೆ, ಮರೆತದ್ದಕ್ಕೆ ಕಾರಣವಾಗಬಲ್ಲದು; ಏಟಿಗೆ ಕಾರಣವಾಗದು. ಹೊಡೆದವರ ಮೇಲೆ ಕ್ರಮ ಆಗಲೇಬೇಕು. ಆದರೆ ಆ ಕ್ರಮವೇ ಸುಧಾರಣೆ ಎಂದು ತಿಳಿದರೆ, ಪಾಳಿಗೆ ಎಷ್ಟು ಜನ ಎಂದು ತೀರ್ಮಾನಿಸಿದವರು ಯಾವ ವಿಚಾರಣೆಗೂ ಸಿಗದೆ ಉಳಿಯುತ್ತಾರೆ. ಬ್ರಿಟನ್ನಿನ ಸ್ಟಾಫರ್ಡ್ ಆಸ್ಪತ್ರೆಯಲ್ಲಿ 2005ರಿಂದ 2009ರವರೆಗೆ ನಡೆದ ಭೀಕರ ನಿರ್ಲಕ್ಷ್ಯದ ಬಗ್ಗೆ ತನಿಖೆ ನಡೆಸಿದ ರಾಬರ್ಟ್ ಫ್ರಾನ್ಸಿಸ್ 2013ರಲ್ಲಿ ಕೊಟ್ಟ ವರದಿ, ವಾರ್ಡಿನ ಸಿಬ್ಬಂದಿಯ ತಪ್ಪನ್ನು ಮುಚ್ಚಿಡದೆ, ಆರ್ಥಿಕ ಗುರಿ ಮುಟ್ಟಲು ಸಿಬ್ಬಂದಿ ಕಡಿತ ಮಾಡಿದ ಆಡಳಿತ ಮಂಡಳಿಯವರೆಗೂ ಹೊಣೆಯನ್ನು ಕೊಂಡೊಯ್ಯಿತು. ಮರುವರ್ಷದಿಂದ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು ಪ್ರತಿ ವಾರ್ಡಿನಲ್ಲಿ ಎಷ್ಟು ನರ್ಸುಗಳಿರಬೇಕು, ಎಷ್ಟು ಜನ ಇದ್ದಾರೆ ಎಂಬುದನ್ನು ಪ್ರಕಟಿಸತೊಡಗಿದವು.

ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳು ತಮ್ಮ ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕೆಂಬ ಕಾನೂನು ಆಗಲೇ ಇದೆ. ಆ ಪಟ್ಟಿಯ ಪಕ್ಕದಲ್ಲಿ, ಸರ್ಕಾರಿ ವಾರ್ಡುಗಳ ಬಾಗಿಲಲ್ಲೂ, ಈ ಪಾಳಿಗೆ ರೋಗಿಗಳು ಇಷ್ಟು, ನರ್ಸುಗಳು ಇಷ್ಟು ಎಂದು ಬರೆಯಲು ಒಂದು ಬೋರ್ಡು, ಒಂದು ಚೂರು ಸೀಮೆಸುಣ್ಣ ಸಾಕು. ಜನ ಗಾಬರಿಯಾಗುತ್ತಾರೆ, ಸಿಬ್ಬಂದಿಯ ಮೇಲೆ ಹರಿಹಾಯುತ್ತಾರೆ ಎಂದು ಆಡಳಿತದವರು ಹೇಳಬಹುದು. ಈಗ ಸಂಖ್ಯೆ ಗೊತ್ತಿಲ್ಲದ್ದರಿಂದಲೇ ಜನ ಸಿಬ್ಬಂದಿಯ ಮೇಲೆ ಹರಿಹಾಯುತ್ತಿದ್ದಾರೆ. ಗೊತ್ತಾದರೆ ಅವರ ಪ್ರಶ್ನೆ ಸಿಸ್ಟರ್ ಕೂರುವ ಮೇಜನ್ನು ದಾಟಿ ಸೂಪರಿಂಟೆಂಡೆಂಟರ ಕೊಠಡಿಗೂ, ಅಲ್ಲಿಂದ ವಿಧಾನಸೌಧಕ್ಕೂ ಹೋಗುತ್ತದೆ.